ಸೆರೆಯ ಹಾವಿನ ಪ್ರಾಯವನ್ನು ನಿರ್ಣಯಿಸುವವರು ಯಾರು?

ಅಹಿಂಸೆಯ ಮಾತು ಬಂದಾಗ ಶ್ರಾವಕರ ಮನಸ್ಸು ಸಾಮಾನ್ಯವಾಗಿ ಕೊಲ್ಲುವುದು, ಕೊಲ್ಲದಿರುವುದು ಎಂಬ ಎರಡರ ಸುತ್ತಲೇ ತಿರುಗುತ್ತದೆ. ಹುಟ್ಟಿಸುವುದರಲ್ಲಿಯೂ ಹಿಂಸೆ ಉಂಟೆ ಎಂಬ ಪ್ರಶ್ನೆ ಏಳುವುದು ವಿರಳ. ಜೀವವೊಂದು ಲೋಕಕ್ಕೆ ಬಂದರೆ ಅದು ಶುಭವೇ ಹೊರತು ಅಶುಭವಲ್ಲವೆಂದು ತಿಳಿಯುವುದು ಸಹಜ. ಆದರೆ ಬಂಧನದಲ್ಲಿರುವ ಒಂದು ಪ್ರಾಣಿಯನ್ನು ಮನುಷ್ಯನು ತನ್ನ ಇಷ್ಟದ ಕಾಲದಲ್ಲಿ, ತನ್ನ ಇಷ್ಟದ ಜೋಡಿಯೊಡನೆ ಕೂಡಿಸಿ ಸಂತಾನ ಪಡೆಯುವಾಗ, ಆ ಪ್ರಾಣಿಯ ದೇಹ ಅದಕ್ಕೆ ಸಿದ್ಧವಾಗಿತ್ತೆ ಎಂಬುದನ್ನು ನಿರ್ಣಯಿಸಿದವನು ಮನುಷ್ಯನೇ ಆಗಿರುತ್ತಾನೆ. ಆ ನಿರ್ಣಯದ ಪುಣ್ಯಪಾಪಗಳ ಲೆಕ್ಕ ಯಾರ ಖಾತೆಗೆ ಸೇರಬೇಕು ಎಂಬುದು ವಿಚಾರಣೀಯ.

ಶಿಕಾರಿಪುರ, ಸೊರಬಗಳಂಥ ಅರೆಮಲೆನಾಡಿನ ಸೀಮೆಯಲ್ಲಿ ಹಾವು ಅಪರಿಚಿತ ಪ್ರಾಣಿಯಲ್ಲ. ಅಡಿಕೆ ತೋಟ, ಭತ್ತದ ಗದ್ದೆ, ಮೆಕ್ಕೆಜೋಳದ ರಾಶಿ ಇದ್ದಲ್ಲಿ ಇಲಿ. ಇಲಿ ಇದ್ದಲ್ಲಿ ಕೇರೆ, ನಾಗರ, ಕೊಳಕುಮಂಡಲ. ಬೇಸಗೆಯಲ್ಲಿ ಹುತ್ತದಲ್ಲಿಯೋ ಬಿಲದಲ್ಲಿಯೋ ನಾಗರಹಾವು ಮೊಟ್ಟೆಯಿಡುತ್ತದೆ. ಸುಮಾರು ಎರಡು ತಿಂಗಳ ಮೇಲೆ, ಮುಂಗಾರಿನ ಹೊತ್ತಿಗೆ ಮರಿಗಳು ಹೊರಬೀಳುತ್ತವೆ. ಎರಡು ಕೇರೆಹಾವುಗಳು ಹೆಣೆದುಕೊಂಡು ಎದ್ದುನಿಂತಾಗ ಜನರು ಅದನ್ನು ಮಿಲನವೆಂದು ತಿಳಿದು ಕೈಮುಗಿಯುವುದುಂಟು. ಕೇರೆಯು ನಾಗರನ ಜೋಡಿಯೆಂದು ಹೇಳುವವರೂ ಇದ್ದಾರೆ. ವಾಸ್ತವವಾಗಿ ಅದು ಎರಡು ಗಂಡು ಕೇರೆಗಳ ಬಲಪರೀಕ್ಷೆ. ಆದರೆ ಹಾವಿಗೆ ಪ್ರಾಯ ಬಂದಿತೆ ಎಂದು ಈ ಸೀಮೆಯಲ್ಲಿ ಹಿಂದೆ ಯಾರೂ ಕೇಳಿದವರಲ್ಲ. ಕಾಡು, ಮಳೆ ಮತ್ತು ಹಾವಿನ ಸ್ವಂತ ದೇಹ ಸೇರಿ ಅದನ್ನು ನಿರ್ಣಯಿಸುತ್ತಿದ್ದವು.

ಈಗ ಆ ಪ್ರಶ್ನೆ ಬೇರೆ ದಾರಿಯಿಂದ ಮನೆಬಾಗಿಲಿಗೆ ಬಂದಿದೆ. ನಾಗರ, ಹೆಬ್ಬಾವು, ಕೇರೆ ಮುಂತಾದ ಈ ದೇಶದ ಹಾವುಗಳನ್ನು ಖಾಸಗಿಯಾಗಿ ಹಿಡಿದಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಆದರೆ ನಗರಗಳಲ್ಲಿ ವಿದೇಶದ ಹಾವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಅಭ್ಯಾಸ ಹಬ್ಬಿದೆ. ಅವುಗಳಲ್ಲಿ ಮುಖ್ಯವಾದದ್ದು ಪಶ್ಚಿಮ ಆಫ್ರಿಕದ ಬಾಲ್ ಪೈಥಾನ್ ಎಂಬ ಚಿಕ್ಕ ಹೆಬ್ಬಾವು. ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸರಂಜಾಮಿನೊಳಗೆ 78 ಪ್ರಾಣಿಗಳು ಸಿಕ್ಕಿದವು. ಅವುಗಳಲ್ಲಿ 55 ಬಗೆಬಗೆಯ ಬಣ್ಣದ ಬಾಲ್ ಪೈಥಾನುಗಳು, 17 ಕಾಳಿಂಗ ಸರ್ಪಗಳು. ಉಳಿದ 6 ಕಪಿಗಳು ಸತ್ತಿದ್ದವು. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲಿನಿಂದ ಜಾರಿಗೆ ಬಂದ ಕಾನೂನಿನಂತೆ ಇಂಥ ವಿದೇಶೀ ಜೀವಿಗಳನ್ನು ಇಟ್ಟುಕೊಂಡವರು ಅವನ್ನು ನೋಂದಾಯಿಸಬೇಕು, ಅವಕ್ಕೆ ಹುಟ್ಟಿದ ಮರಿಗಳನ್ನೂ ವರದಿ ಮಾಡಬೇಕು. ಇದರ ನಿಯಮಗಳು 2024ರಲ್ಲಿ ಪ್ರಕಟವಾದವು. ಕಾನೂನು ಕೇಳುವುದು ಲೆಕ್ಕವನ್ನು. ಕೂಡಿಸುವುದು ಸರಿಯೆ, ಯಾವಾಗ ಸರಿ ಎಂಬ ಪ್ರಶ್ನೆಯನ್ನು ಅದು ಸಾಕಿದವನ ಅಂತಃಕರಣಕ್ಕೆ ಬಿಟ್ಟಿದೆ.

ಬೆಂಗಳೂರಿನಲ್ಲಿ ಉದ್ಯೋಗಕ್ಕೆ ನೆಲೆಸಿದ ಶಿಕಾರಿಪುರದ ಕಡೆಯ ಶ್ರಾವಕ ಕುಟುಂಬದ ತರುಣನೊಬ್ಬನು ನೋಂದಾಯಿಸಿದ ಇಂಥ ಹಾವುಗಳ ಜೋಡಿಯೊಂದನ್ನು ಸಾಕಿದ್ದಾನೆಂದು ಇಟ್ಟುಕೊಳ್ಳಬಹುದು. ಅವನು ದುಷ್ಟನಲ್ಲ, ಹಾವೆಂದರೆ ಅವನಿಗೆ ನಿಜವಾದ ಪ್ರೀತಿ. ಪರ್ಯೂಷಣದ ರಜೆಗೆ ಊರಿಗೆ ಬಂದಾಗ ಅವನು ಮನೆಯ ಹಿರಿಯರನ್ನು ಕೇಳುತ್ತಾನೆ: “ಅಜ್ಜಾ, ಹೆಣ್ಣಿಗೆ ಈಗ ಎರಡು ವರ್ಷ. ಇನ್ನೊಂದು ವರ್ಷ ಕಾದು ಕೂಡಿಸಿದರೆ ದೋಷವುಂಟೆ? ಅವಸರ ಮಾಡುವುದಿಲ್ಲ, ಅದಕ್ಕೆ ನೋವಾಗದ ಹಾಗೆಯೇ ಮಾಡುತ್ತೇನೆ.” ಅಜ್ಜನು ಏನು ಹೇಳಬೇಕು? ಸಿಡಿಮಿಡಿಗೊಂಡು ಬೈದರೆ ಧರ್ಮಬೋಧೆಯಾಗದು. ಪ್ರಶ್ನೆಯಲ್ಲಿ ಕಾಳಜಿ ಇರುವುದರಿಂದ ಉತ್ತರದಲ್ಲಿಯೂ ವಿಚಾರ ಇರಬೇಕು.

ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ಹಾವಿನ ಪ್ರಾಯವನ್ನು ಪಂಚಾಂಗ ನೋಡಿ ಹೇಳಲಾಗದು. ಹಸು, ಕುದುರೆಗಳಿಗೆ ವಯಸ್ಸು ಸಾಕಷ್ಟು ನಂಬಬಹುದಾದ ಗುರುತು. ಹಾವಿನಲ್ಲಿ ವಯಸ್ಸಿಗಿಂತ ದೇಹದ ಗಾತ್ರವೇ ಪ್ರಧಾನ. ಹಾವಿನ ಬೆಳವಣಿಗೆ ತಿಂದ ಆಹಾರವನ್ನೂ ಸುತ್ತಲಿನ ಶಾಖವನ್ನೂ ಅವಲಂಬಿಸಿದೆ. ಒಂದೇ ತಾಯಿಯ ಎರಡು ಮರಿಗಳಲ್ಲಿ ಒಂದು ಮೂರು ವರ್ಷಕ್ಕೆ ಪ್ರೌಢವಾದರೆ, ಅರೆಹೊಟ್ಟೆ ಉಂಡ ಇನ್ನೊಂದು ಇನ್ನೂ ಕೆಲವು ವರ್ಷ ತಡವಾಗಬಹುದು. ಗಂಡು ಬೇಗ ಪ್ರಾಯಕ್ಕೆ ಬರುತ್ತದೆ. ಬಾಲ್ ಪೈಥಾನಿನ ಗಂಡು ಸುಮಾರು ಒಂದೂವರೆ ವರ್ಷಕ್ಕೆ, ಅರ್ಧ ಕಿಲೋ ಮೀರಿದ ತೂಕದಲ್ಲಿ ಸಮರ್ಥವಾಗುತ್ತದೆ. ಹೆಣ್ಣಿಗೆ ಹೆಚ್ಚು ಕಾಲ ಬೇಕು. ವಿವೇಕಿಗಳಾದ ಸಾಕಣೆದಾರರು ಮೂರು ವರ್ಷವೂ 1500 ಗ್ರಾಂ ತೂಕವೂ ಎರಡೂ ಕೂಡಿಬರುವ ತನಕ ಕಾಯುತ್ತಾರೆ. ಅಮೆರಿಕದ ಕಾರ್ನ್ ಹಾವಿನ ವಿಷಯದಲ್ಲಿ ಅವರಲ್ಲಿ ‘ಮೂರು ಮೂರು ಮೂರು’ ಎಂಬ ಬಾಯಿಲೆಕ್ಕವಿದೆ: ಮೂರು ವರ್ಷ, ಮೂರು ಅಡಿ, ಮುನ್ನೂರು ಗ್ರಾಂ. ಒಂದೇ ಅಳತೆಯನ್ನು ನಂಬಿದರೆ ಮೋಸಹೋಗುವರೆಂದೇ ಮೂರು ಅಳತೆಗಳನ್ನು ಕೂಡಿಸಿದ್ದಾರೆ.

ಮೋಸ ಎಲ್ಲಿದೆಯೆಂದರೆ, ತೂಕವನ್ನು ಮನುಷ್ಯನು ಕೃತಕವಾಗಿ ಏರಿಸಬಲ್ಲನು. ಮೇಲಿಂದ ಮೇಲೆ ತಿನ್ನಿಸಿ, ಒಂದೂವರೆ ಎರಡು ವರ್ಷದೊಳಗೇ ಹೆಣ್ಣನ್ನು ತಕ್ಕಡಿಯ ಗುರುತಿಗೆ ಮುಟ್ಟಿಸುವವರಿದ್ದಾರೆ. ತಕ್ಕಡಿ ಸುಳ್ಳು ಹೇಳುವುದಿಲ್ಲ, ಆದರೆ ಪೂರ್ಣ ಸತ್ಯವನ್ನೂ ಹೇಳುವುದಿಲ್ಲ. ಅದು ಕೊಬ್ಬನ್ನು ತೂಗುತ್ತದೆ. ಎಲುಬು ಗಟ್ಟಿಯಾಗಿದೆಯೆ, ಮೊಟ್ಟೆಯನ್ನು ಹೊರದಬ್ಬುವ ಸ್ನಾಯು ಬಲಿತಿದೆಯೆ ಎಂಬುದನ್ನು ತೂಗುವುದಿಲ್ಲ. ಪೆಟ್ಟಿಗೆಯಲ್ಲಿ ಹರಿದಾಡಲು ಸ್ಥಳವಿಲ್ಲದೆ ಬೆಳೆದ ಹಾವಿಗೆ ತೂಕವಿದ್ದರೂ ಬಲವಿರುವುದಿಲ್ಲ. ಅಂಥ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿಕೊಂಡು, ಹೊರಬರಲಾರದೆ, ಪಶುವೈದ್ಯರು ಶಸ್ತ್ರಕ್ರಿಯೆ ಮಾಡದಿದ್ದರೆ ಸಾಯುವ ಸಂಭವವಿದೆ.

ಪ್ರಾಣಿಶಾಸ್ತ್ರಜ್ಞರು ಈ ವಿಷಯದಲ್ಲಿ ಬಳಸುವ ಪರಿಭಾಷೆ ವ್ಯಾಪಾರಸ್ಥರಿಗೆ ಆಪ್ತವೆನಿಸುವಂಥದು. ದಿನದಿನದ ಆಹಾರದಿಂದಲೇ ಸಂತಾನದ ಖರ್ಚನ್ನು ನೀಗಿಸುವ ಪ್ರಾಣಿಗಳನ್ನು ಅವರು ವರಮಾನದಿಂದ ಹೆರುವವು ಎನ್ನುತ್ತಾರೆ. ಮೊದಲೇ ಕೂಡಿಟ್ಟ ಕೊಬ್ಬಿನಿಂದ ಆ ಖರ್ಚನ್ನು ಭರಿಸುವವನ್ನು ಬಂಡವಾಳದಿಂದ ಹೆರುವವು ಎನ್ನುತ್ತಾರೆ. ಹಾವುಗಳಲ್ಲಿ ಅನೇಕವು ಎರಡನೆಯ ವರ್ಗಕ್ಕೆ ಸೇರಿದವು. ಫ್ರಾನ್ಸಿನ ಆಸ್ಪ್ ಎಂಬ ಮಂಡಲದ ಹಾವಿನ ಮೇಲೆ ನಡೆದ ದೀರ್ಘ ಅಧ್ಯಯನಗಳಿಂದ ತಿಳಿದುಬಂದದ್ದೇನೆಂದರೆ, ಹೆಣ್ಣು ಹಾವಿನ ದೇಹದಲ್ಲಿ ಸಂಗ್ರಹ ಒಂದು ಮಟ್ಟಕ್ಕೆ ಏರುವ ತನಕ ಅದು ಗರ್ಭಕ್ಕೆ ತೊಡಗುವುದೇ ಇಲ್ಲ. ಒಮ್ಮೆ ಹೆತ್ತ ಮೇಲೆ ಸೊರಗಿದ ದೇಹ ಮತ್ತೆ ತುಂಬಿಕೊಳ್ಳುವ ತನಕ ಒಂದೆರಡು ವರ್ಷ ಬಿಟ್ಟೇಬಿಡುತ್ತದೆ. ಮೂಲಧನಕ್ಕೆ ಕೈ ಹಾಕುವ ಮುನ್ನ ನೂರು ಸಲ ಯೋಚಿಸುವ ಗೃಹಸ್ಥನ ಎಚ್ಚರ ಆ ತಿರ್ಯಂಚ ಜೀವದ ದೇಹದಲ್ಲಿಯೇ ಅಡಗಿದೆ.

ಆ ಖರ್ಚು ಅಲ್ಪವೂ ಅಲ್ಲ. ಬಾಲ್ ಪೈಥಾನ್ ಒಂದು ಸಲಕ್ಕೆ ಇಡುವ ಐದಾರು ಮೊಟ್ಟೆಗಳು ಒಟ್ಟಾಗಿ ತಾಯಿಯ ತೂಕದ ಸುಮಾರು ಮೂರನೆಯ ಒಂದಂಶ ತೂಗುವುದುಂಟು. ಇಟ್ಟ ಮೇಲೆ ಹೆಬ್ಬಾವಿನ ತಾಯಿ ಸುಮಾರು ಎರಡು ತಿಂಗಳು ಮೊಟ್ಟೆಗಳನ್ನು ಸುತ್ತಿಕೊಂಡು ಆಹಾರ ಬಿಟ್ಟು ಕೂರುತ್ತದೆ. ಭಾರತದ ಹೆಬ್ಬಾವಿನ ಹತ್ತಿರದ ಸಂಬಂಧಿಯಾದ ಬರ್ಮಾ ಹೆಬ್ಬಾವು ಹೀಗೆ ಕೂತಾಗ ಮೈಯನ್ನು ಅದುರಿಸಿ ಶಾಖ ಹುಟ್ಟಿಸಿಕೊಂಡು ಮೊಟ್ಟೆಗಳಿಗೆ ಕೊಡುತ್ತದೆಂದು ನ್ಯೂಯಾರ್ಕಿನ ಮೃಗಾಲಯದಲ್ಲಿ ಅಳೆದು ನೋಡಿ 1966ರಲ್ಲಿ ಪ್ರಕಟಿಸಿದರು. ಆಗುಂಬೆಯ ಕಾಡಿನಲ್ಲಿ ಕಾಳಿಂಗದ ಹೆಣ್ಣು ತರಗೆಲೆಗಳನ್ನು ಒಟ್ಟಿ ಗೂಡುಕಟ್ಟಿ ಕಾಯುತ್ತದೆ. ತಣ್ಣೆತ್ತರಿನದೆಂದು ಜನ ಹಗುರವಾಗಿ ಎಣಿಸುವ ಪ್ರಾಣಿಯ ತಾಯ್ತನದ ಬೆಲೆ ಇದು. ಇಷ್ಟು ಭಾರವನ್ನು ಹೊರಲು ಯಾವ ದೇಹ ಸಿದ್ಧ, ಯಾವುದು ಸಿದ್ಧವಲ್ಲ ಎಂಬುದನ್ನು ಕಾಡಿನಲ್ಲಿ ಆ ದೇಹವೇ ಹೇಳುತ್ತದೆ. ಪೆಟ್ಟಿಗೆಯಲ್ಲಿ ಹೇಳುವವನು ಬೇರೊಬ್ಬ.

ಈಗ ಆಗಮದ ದೃಷ್ಟಿಯಿಂದ ನೋಡಬೇಕು. ಪ್ರಾಯದ ಮಾತಿಗೆ ‘ಪರ್ಯಾಪ್ತಿ’ ಎಂಬ ಶಬ್ದವನ್ನು ತಂದು ಜೋಡಿಸುವುದು ಸಲ್ಲದು. ಆಹಾರ, ಶರೀರ, ಇಂದ್ರಿಯ ಮುಂತಾದ ಪರ್ಯಾಪ್ತಿಗಳು ಜನ್ಮದ ಆರಂಭದ ಅಂತರ್ಮುಹೂರ್ತದೊಳಗೇ ಮುಗಿಯುವಂಥವು. ಅವು ಪೂರ್ಣವಾದ ಮಾತ್ರಕ್ಕೆ ಜೀವಿಯು ಸಂತಾನಭಾರಕ್ಕೆ ಅರ್ಹವಾಯಿತೆಂದು ಅರ್ಥವಲ್ಲ. ಇಲ್ಲಿಗೆ ಸಲ್ಲುವುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ ಅಹಿಂಸಾಣುವ್ರತದ ಐದು ಅತಿಚಾರಗಳು: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಅತಿಭಾರಾರೋಪಣವೆಂದರೆ ಎತ್ತಿನ ಗಾಡಿಗೆ ಹೆಚ್ಚು ಮೂಟೆ ಹೇರುವುದು ಎಂದಷ್ಟೇ ತಿಳಿಯುವುದು ವಾಡಿಕೆ. ಆದರೆ ಭಾರವನ್ನು ಬೆನ್ನಿನ ಮೇಲೆ ಹೇರಿದರೂ ಒಡಲಿನೊಳಗೆ ಹೇರಿದರೂ ಭಾರವೇ. ಬಲಿಯದ ಹಾವಿನ ಒಡಲಿಗೆ ಮೊಟ್ಟೆಗಳನ್ನು ಹೇರುವುದು ಅತಿಭಾರಾರೋಪಣವಲ್ಲದೆ ಮತ್ತೇನು? ಪೆಟ್ಟಿಗೆಯಲ್ಲಿ ಇಟ್ಟದ್ದು ಬಂಧ. ಹೀಗೆ ಒಂದೇ ಕಾರ್ಯದಲ್ಲಿ ಎರಡು ಅತಿಚಾರಗಳು ಒಂದರ ಮೇಲೊಂದು ಕೂರುತ್ತವೆ.

ಇಷ್ಟನ್ನು ಒಪ್ಪಿದ ತರುಣನು, ಹಾಗಾದರೆ ಮೂರು ವರ್ಷ ಕಾದು, ತೂಕವನ್ನೂ ಬಲವನ್ನೂ ನೋಡಿ ಕೂಡಿಸಿದರೆ ಅತಿಭಾರದ ದೋಷ ತಪ್ಪಿತಲ್ಲವೆ ಎನ್ನಬಹುದು. ಹಾವಿನ ಮಟ್ಟಿಗೆ ಆ ದೋಷ ಕಡಿಮೆಯಾಗುವುದು ನಿಜ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಒಂದು ಗೂಡಿನಿಂದ ಆರು ಮರಿಗಳಾದವೆಂದು ಹಿಡಿಯೋಣ. ಬೆಳೆದ ಹಾವಿಗೆ ಎರಡು ವಾರಕ್ಕೊಂದು ಇಲಿಯೆಂದರೆ ವರ್ಷಕ್ಕೆ 26. ಈ ಜಾತಿ ಬಂಧನದಲ್ಲಿ ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ. ಅಮೆರಿಕದ ಸೇಂಟ್ ಲೂಯಿ ಮೃಗಾಲಯದಲ್ಲಿ 60 ವರ್ಷ ಮೀರಿದ ಹೆಣ್ಣೊಂದು 2020ರಲ್ಲಿ, ಅನೇಕ ವರ್ಷಗಳಿಂದ ಗಂಡಿನ ಸಂಪರ್ಕವೇ ಇಲ್ಲದೆ, 7 ಮೊಟ್ಟೆಗಳನ್ನಿಟ್ಟಿತು. ಇಪ್ಪತ್ತೇ ವರ್ಷವೆಂದರೂ ಆರು ಹಾವುಗಳಿಗೆ 3,120 ಇಲಿಗಳು. ಇವು ಮೆಕ್ಕೆಜೋಳದ ರಾಶಿಯಲ್ಲಿ ತಾವಾಗಿ ಹುಟ್ಟಿ, ಕೇರೆಯ ಬಾಯಿಗೆ ಕರ್ಮಾನುಸಾರ ಬಿದ್ದ ಇಲಿಗಳಲ್ಲ. ಹಾವಿನ ಆಹಾರಕ್ಕೆಂದೇ ಪೆಟ್ಟಿಗೆಗಳಲ್ಲಿ ಹುಟ್ಟಿಸಿದವು.

ಇಲ್ಲಿ ಪ್ರಶ್ನೆಯ ತಿರುಳಿದೆ. ಹಾವಿಗೆ ಮೂರು ವರ್ಷ ಕಾಯುವ ತಾಳ್ಮೆಯನ್ನು ದಯೆಯೆಂದು ಎಣಿಸುವ ಮುನ್ನ ಆ ಇಲಿಯ ಕಡೆಗೂ ನೋಡಬೇಕು. ಇಲಿಯ ಹೆಣ್ಣು ಹುಟ್ಟಿದ ಸುಮಾರು ಆರು ವಾರಕ್ಕೆ ಪ್ರಾಯಕ್ಕೆ ಬರುತ್ತದೆ, ಮೂರು ವಾರದಲ್ಲಿ ಈಯುತ್ತದೆ, ಈದ ದಿನವೇ ಮತ್ತೆ ಗರ್ಭ ಧರಿಸಬಲ್ಲದು. ಆಹಾರದ ಇಲಿಯನ್ನು ಬೆಳೆಸುವ ಕಸುಬಿನಲ್ಲಿ ಅದಕ್ಕೆ ವಿಶ್ರಾಂತಿ ಕೊಡುವವರು ಯಾರು? ಒಂದು ಪೆಟ್ಟಿಗೆಯ ತಾಯಿಗೆ ಪ್ರಾಯ ಬರಲೆಂದು ಮೂರು ವರ್ಷ ಕಾದದ್ದು, ಇನ್ನೊಂದು ಪೆಟ್ಟಿಗೆಯ ತಾಯಿಗೆ ಮೂರು ದಿನವನ್ನೂ ಬಿಡದೆ ದುಡಿಸಿದ ಬಲದಿಂದ. ಜಿನಮತದಲ್ಲಿ ಇವೆರಡೂ ಪಂಚೇಂದ್ರಿಯ ಜೀವಗಳೇ. ಪ್ರಿಯವಾದ ಪ್ರಾಣಿಗೆ ಒಂದು ತಕ್ಕಡಿ, ಅಪ್ರಿಯವಾದದ್ದಕ್ಕೆ ಇನ್ನೊಂದು ತಕ್ಕಡಿ ಇಟ್ಟ ಅಂಗಡಿಗೆ ಪೇಟೆಯಲ್ಲಿ ಯಾವ ಹೆಸರು ಬರುವುದೋ ಅದೇ ಹೆಸರು ಇಲ್ಲಿಯೂ ಸಲ್ಲಬೇಕು.

ಹಿಂದಿನ ಆಚಾರ್ಯರು ಇದನ್ನು ಕಾಣದವರಲ್ಲ. ಗೃಹಸ್ಥನು ಬಿಡಬೇಕಾದ ಹದಿನೈದು ಕಠೋರ ಜೀವಿಕೆಗಳ ಪಟ್ಟಿಯಲ್ಲಿ ‘ಅಸತೀಪೋಷ’ ಎಂಬುದೊಂದಿದೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಅದನ್ನು ವಿವರಿಸುತ್ತ ಗಿಳಿ, ಬೆಕ್ಕು, ನಾಯಿ, ಕೋಳಿ, ನವಿಲು ಮೊದಲಾದವನ್ನು ಹಣಕ್ಕಾಗಿ ಸಾಕುವುದನ್ನು ಹೇಳುತ್ತಾರೆ. 13ನೆಯ ಶತಮಾನದ ಆಶಾಧರ ಪಂಡಿತರೂ ಸಾಗಾರಧರ್ಮಾಮೃತದಲ್ಲಿ ಈ ಜೀವಿಕೆಗಳ ವಿಚಾರವನ್ನು ಎತ್ತಿದ್ದಾರೆ. ‘ಹಣಕ್ಕಾಗಿ’ ಎಂಬುದೇ ಅಲ್ಲಿ ಮುಖ್ಯ. ಗಾಯಗೊಂಡ ಹಾವಿಗೆ ಔಷಧ ಹಾಕಿ ಆಶ್ರಯ ಕೊಡುವುದು ಅಭಯದಾನ. ಅದೇ ಹಾವಿನ ಸಂತಾನವನ್ನು ಬಣ್ಣಕ್ಕೊಂದು ಬೆಲೆ ಕಟ್ಟಿ ಮಾರುವುದು ಅಸತೀಪೋಷ. ಬಣ್ಣದ ಆಸೆ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಬಾಲ್ ಪೈಥಾನಿನಲ್ಲಿಯೇ ನಿದರ್ಶನವಿದೆ: ಜೇಡವೆಂದು ಕರೆಯುವ ಒಂದು ಬಣ್ಣಭೇದದಲ್ಲಿ ಆ ಬಣ್ಣದೊಡನೆಯೇ ತಲೆ ನಡುಗುವ, ದಿಕ್ಕು ತಪ್ಪುವ ನರದೋಷ ಹುಟ್ಟಿನಿಂದ ಬರುತ್ತದೆ. ಆ ದೋಷ ತಿಳಿದಿದ್ದರೂ ಬಣ್ಣಕ್ಕೆ ಗಿರಾಕಿ ಇರುವ ಕಾರಣ ಅದನ್ನು ಬೆಳೆಸಿದರು.

ಪಾರ್ಶ್ವಸ್ವಾಮಿಯ ಕಥೆಯನ್ನು ತಿಳಿಯದ ಜೈನ ಮನೆಯಿಲ್ಲ. 9ನೆಯ ಶತಮಾನದ ಕೊನೆಯಲ್ಲಿ ಶಿಕಾರಿಪುರಕ್ಕೆ ದೂರವಲ್ಲದ ಬಂಕಾಪುರದಲ್ಲಿ ಪೂಜೆಗೊಂಡ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿಯೂ ಅದು ಬಂದಿದೆ. ಪಂಚಾಗ್ನಿ ತಪಸ್ಸಿಗೆ ಕೂತ ತಾಪಸನು ಕೊರಡನ್ನು ಸೀಳಲು ಕೊಡಲಿ ಎತ್ತುತ್ತಾನೆ. ಒಳಗೆ ಸರ್ಪದ ಜೋಡಿಯಿದೆ, ಸೀಳಬೇಡವೆಂದು ರಾಜಕುಮಾರ ಪಾರ್ಶ್ವನು ತಡೆಯುತ್ತಾನೆ. ತಾಪಸನು ಕೇಳುವುದಿಲ್ಲ, ಜೋಡಿ ತುಂಡಾಗುತ್ತದೆ, ಸ್ವಾಮಿಯ ಸಾಂತ್ವನದಿಂದ ಶಾಂತಭಾವ ತಳೆದು ಪ್ರಾಣಬಿಟ್ಟ ಆ ಜೀವಗಳು ಧರಣೇಂದ್ರ ಪದ್ಮಾವತಿಯರಾಗುತ್ತವೆ. ಹೊಂಬುಜಕ್ಕೆ ಹೋಗಿ ಪದ್ಮಾವತಿ ದೇವಿಯ ದರ್ಶನ ಪಡೆದು ಬರುವ ಶಿಕಾರಿಪುರ ಸೊರಬಗಳ ಕುಟುಂಬಗಳು ಈ ಕಥೆಯ ಒಂದು ಅಂಶವನ್ನು ಗಮನಿಸಬೇಕು. ತಾಪಸನು ಹಾವನ್ನು ಕೊಲ್ಲಲೆಂದು ಕೊಡಲಿ ಎತ್ತಿದವನಲ್ಲ. ತನ್ನ ದೃಷ್ಟಿಯಲ್ಲಿ ಪುಣ್ಯಕಾರ್ಯಕ್ಕೆಂದೇ ಎತ್ತಿದನು. ಅವನ ದೋಷವೆಂದರೆ ಕೊರಡಿನ ಒಳಗೇನಿದೆಯೆಂದು ನೋಡದಿದ್ದದ್ದು, ಹೇಳಿದ ಮೇಲೂ ನಿಲ್ಲದಿದ್ದದ್ದು. ಹಾವಿನ ಮೇಲಿನ ಪ್ರೀತಿಯಿಂದಲೇ ಅದನ್ನು ಕೂಡಿಸಲು ಹೊರಟವನಿಗೂ ಈ ಕಥೆ ಅದೇ ಮಾತನ್ನು ಹೇಳುತ್ತದೆ: ಉದ್ದೇಶ ಶುದ್ಧವಿದ್ದರೆ ಸಾಲದು, ಒಳಗಿನ ಜೀವವನ್ನು ನೋಡಬೇಕು.

ಸೊರಬ ತಾಲ್ಲೂಕಿನ ಹಿರೇಆವಲಿ, ಉದ್ರಿಗಳ ನಿಷಿಧಿಕಲ್ಲುಗಳೂ ಈ ವಿಚಾರಕ್ಕೆ ಬೆಳಕು ಕೊಡುತ್ತವೆ. ಸಮಾಧಿಮರಣ ಹೊಂದಿದ ಸಾಮಾನ್ಯ ಶ್ರಾವಕ ಶ್ರಾವಿಕೆಯರ ನೆನಪು ಆ ಕಲ್ಲುಗಳಲ್ಲಿದೆ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ 10ನೆಯ ಶತಮಾನದ ಶಾಸನವು ಜಕ್ಕಿಯಬ್ಬೆಯೆಂಬ ಶ್ರಾವಿಕೆಯನ್ನು ಕುರಿತು ಹೇಳುತ್ತದೆ. ಪತಿಯ ಮರಣಾನಂತರ ನಾಗರಖಂಡ ಎಪ್ಪತ್ತರ ಅಧಿಕಾರವನ್ನು ಆಕೆಗೆ ಒಪ್ಪಿಸಲಾಯಿತು. ಆಕೆ ಅದನ್ನು ಸಮರ್ಥವಾಗಿ ನಡೆಸಿದಳು. ವ್ಯಾಧಿ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನವನ್ನು ಕೈಗೊಂಡಳು. ಭಾರವನ್ನು ಯಾವಾಗ ಹೊರಬೇಕು, ಯಾವಾಗ ಇಳಿಸಬೇಕು ಎಂಬುದನ್ನು ತನ್ನ ಶಕ್ತಿಯನ್ನು ತಾನೇ ಅಳೆದು ತಿಳಿದ ಜೀವದ ಕಥೆ ಅದು. ತನ್ನ ದೇಹದ ಕಾಲವನ್ನು ತಾನು ನಿರ್ಣಯಿಸುವುದು ಇಷ್ಟು ದೊಡ್ಡದೆಂದು ಕಲ್ಲಿನಲ್ಲಿ ಕೊರೆದಿಟ್ಟ ಸೀಮೆಯವರಿಗೆ, ಬಂಧನದ ಜೀವದಿಂದ ಕಿತ್ತುಕೊಂಡದ್ದೇನೆಂಬುದು ಬೇಗ ಹೊಳೆಯಬೇಕು. ಕಾಡಿನ ಹಾವು ಮಾತು ಬಾರದಿದ್ದರೂ ಈ ವರ್ಷ ಬೇಡವೆಂದು ತನ್ನ ದೇಹದಿಂದಲೇ ಹೇಳಬಲ್ಲದು. ಹಿಂಸಿಸುವ ಗಂಡಿನಿಂದ ಸರಿದುಹೋಗಬಲ್ಲದು. ಪೆಟ್ಟಿಗೆಯ ಹಾವಿಗೆ ಸರಿದುಹೋಗುವ ಎಡೆಯೇ ಇಲ್ಲ.

ಇಲ್ಲಿ ಎರಡು ಶಂಕೆಗಳು ಏಳುತ್ತವೆ. ಮೊದಲನೆಯದು: ಹಾವಿನ ವಂಶ ಅಳಿಯದಂತೆ ಉಳಿಸಲು ಮೃಗಾಲಯಗಳು ಮಾಡುವ ಸಂತಾನವೃದ್ಧಿಯೂ ದೋಷವೆ? ಮಂಗಳೂರಿನ ಪಿಲಿಕುಳದ ಡಾ. ಶಿವರಾಮ ಕಾರಂತ ಜೈವಿಕ ಉದ್ಯಾನದಲ್ಲಿ ಕಾಳಿಂಗ ಸರ್ಪದ ಸಂತಾನವೃದ್ಧಿ ನಡೆದಿದೆ. ಕಾಳಿಂಗವು ಹಾವನ್ನೇ ತಿನ್ನುವ ಹಾವು. ಗಂಡು ಹೆಣ್ಣನ್ನು ಕೊಂದ ಪ್ರಸಂಗಗಳು ಪಶ್ಚಿಮ ಘಟ್ಟದಲ್ಲಿ ದಾಖಲಾಗಿವೆ. ಆದುದರಿಂದ ಜೋಡಿಯ ಸಿದ್ಧತೆಯನ್ನು ಅಳೆಯುವುದು ಅಲ್ಲಿ ಪ್ರಾಣದ ಪ್ರಶ್ನೆ. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಅವರ ಸಂಗಡಿಗರು ಪಶ್ಚಿಮ ಘಟ್ಟದ ಕಾಳಿಂಗವು ಬೇರೆಯೇ ಒಂದು ಪ್ರಭೇದವೆಂದು ತೋರಿಸಿ, ಕನ್ನಡದ ‘ಕಾಳಿಂಗ’ ಶಬ್ದವನ್ನೇ ಅದರ ಶಾಸ್ತ್ರೀಯ ಹೆಸರಿನಲ್ಲಿ ಇಟ್ಟರು. ಈ ನೆಲಕ್ಕೆ ಮಾತ್ರ ಸೇರಿದ ಜೀವವೆಂದ ಮೇಲೆ ಅದರ ರಕ್ಷಣೆಯ ಹೊಣೆಯೂ ಹೆಚ್ಚಿತು. ಆದರೆ ಆ ರಕ್ಷಣೆಯ ಮೂಲ ಕಾಡು, ಪೆಟ್ಟಿಗೆಯಲ್ಲ. 2005ರಲ್ಲಿ ರೊಮ್ಯುಲಸ್ ವಿಟೇಕರ್ ಆಗುಂಬೆಯಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರದಿಂದ ಕಾಳಿಂಗಗಳನ್ನು ಅವುಗಳ ಕಾಡಿನಲ್ಲಿಯೇ ಅನುಸರಿಸಿ ಅಧ್ಯಯನ ಮಾಡಿದರು. ಬಂಧನದ ಸಂತಾನಕ್ಕೆ ಸಮರ್ಥನೆ ಇರಬಹುದಾದರೆ ಅದು ಒಂದೇ: ಆ ಮರಿಗಳಿಗೆ ಮರಳಲು ಕಾಡಿರಬೇಕು, ಮತ್ತು ಅವು ಮರಳಬೇಕು. ನೋಡುಗರ ಟಿಕೆಟಿಗಾಗಿ ಹುಟ್ಟಿಸಿದ ಮರಿಗೂ ಮಾರಲೆಂದು ಹುಟ್ಟಿಸಿದ ಮರಿಗೂ ಧರ್ಮದೃಷ್ಟಿಯಲ್ಲಿ ಹೆಚ್ಚಿನ ಅಂತರವಿಲ್ಲ.

ಎರಡನೆಯ ಶಂಕೆ: ಹಾವು ಕಚ್ಚಿದವರಿಗೆ ಔಷಧ ತಯಾರಿಸಲು ವಿಷ ಬೇಕಲ್ಲವೆ, ಅದಕ್ಕೆ ಹಾವುಗಳನ್ನು ಬೆಳೆಸಬೇಕಲ್ಲವೆ? ಗದ್ದೆಯಲ್ಲಿ ದುಡಿಯುವವರ ಪ್ರಾಣದ ಮಾತಿದು, ಹಗುರಾಗಿ ತೆಗೆದುಹಾಕಬಾರದು. ಆದರೆ ತಮಿಳುನಾಡಿನ ಇರುಳರ ಸಹಕಾರ ಸಂಘ 1978ರಿಂದ ಇನ್ನೊಂದು ದಾರಿಯನ್ನು ತೋರಿಸಿದೆ. ಅವರು ಹಾವುಗಳನ್ನು ಹಿಡಿದು, ಕೆಲವು ವಾರ ಮಡಕೆಗಳಲ್ಲಿಟ್ಟು, ಕೆಲವೇ ಸಲ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಅಲ್ಲಿಯೂ ಬಂಧವಿದೆ, ಆದರೆ ಅದಕ್ಕೆ ಅವಧಿಯುಂಟು, ಬಿಡುಗಡೆಯುಂಟು, ಸಂತಾನದ ಭಾರವಿಲ್ಲ. ದೋಷವಿಲ್ಲದ ದಾರಿ ಸಿಗದಾಗ ಅಲ್ಪದೋಷದ ದಾರಿಯನ್ನು ಆರಿಸುವುದು ಗೃಹಸ್ಥಧರ್ಮದ ನಡೆ.

ಇನ್ನು ಉಳಿದದ್ದು ಅತ್ಯಂತ ಸೂಕ್ಷ್ಮವಾದ ಪ್ರಶ್ನೆ. ಕೇಳಿದವನಿಗೆ ಹೇಳಬೇಕೆ, ಬೇಡವೆ? ಪ್ರಾಣಿಗಳ ವ್ಯಾಪಾರಕ್ಕೆ ದಾರಿ ತೋರಿಸುವ ಮಾತನ್ನು ಸಮಂತಭದ್ರಾಚಾರ್ಯರು ಪಾಪೋಪದೇಶವೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಹಾವನ್ನು ಇಷ್ಟು ತೂಕಕ್ಕೆ, ಇಂಥ ತಿಂಗಳಲ್ಲಿ ಕೂಡಿಸು ಎಂದು ಹೇಳಿಕೊಟ್ಟವನು, ತಾನು ಒಂದು ಇಲಿಯನ್ನೂ ಮುಟ್ಟದಿದ್ದರೂ, ಆ ವ್ಯವಹಾರದ ಪಾಲುದಾರನಾಗುತ್ತಾನೆ. ಹಾಗೆಂದು ಬಾಯಿ ಮ���ಚ್ಚಿ ಕೂತರೆ ತಿಳಿಯದವನು ಎರಡು ವರ್ಷದ ಎಳೆಯ ಹೆಣ್ಣನ್ನು ಕೂಡಿಸಿಬಿಟ್ಟಾನು. ಆ ಜೀವದ ನೋವಿಗೆ ಮೌನವೂ ಕಾರಣವಾದೀತು. ಹೇಳಿದರೆ ಪಾಪೋಪದೇಶ, ಹೇಳದಿದ್ದರೆ ನಿರ್ದಯತೆ ಎಂಬ ಇಕ್ಕಟ್ಟು ಇಲ್ಲಿ ನಿಜವಾದದ್ದು.

ಇಕ್ಕಟ್ಟಿನಿಂದ ಹೊರಬರುವ ದಾರಿ ಮಾತಿನ ದಿಕ್ಕಿನಲ್ಲಿದೆ. ಪ್ರಾಯದ ತಿಳಿವಳಿಕೆಯೊಂದೇ ಆದರೂ ಅದನ್ನು ಎರಡು ಬಗೆಯಲ್ಲಿ ಹೇಳಬಹುದು. ‘ಈಗ ಕೂಡಿಸಬಹುದು’ ಎಂಬುದು ಪ್ರವೃತ್ತಿಯ ಮಾತು; ‘ಈಗ ಕೂಡದು’ ಎಂಬುದು ನಿವೃತ್ತಿಯ ಮಾತು. ಎರಡನೆಯದನ್ನು ಹೇಳಲು ಶ್ರಾವಕನಿಗೆ ಯಾವ ಅಡ್ಡಿಯೂ ಇಲ್ಲ. ಅದು ಅವನ ಕರ್ತವ್ಯವೂ ಹೌದು. ಎಳೆಯದಕ್ಕೆ ಕೂಡದು, ಸೊರಗಿದ್ದಕ್ಕೆ ಕೂಡದು, ಕೊಬ್ಬಿಸಿ ಬೆಳೆಸಿದ್ದಕ್ಕೆ ಕೂಡದು, ಕಳೆದ ವರ್ಷ ಹೆತ್ತದ್ದಕ್ಕೆ ಕೂಡದು, ಕಾಡಿಗೆ ಮರಳಲಾರದ ಮರಿಗಳಿಗಾಗಿ ಕೂಡದು, ಮಾರಾಟಕ್ಕಂತೂ ಎಂದಿಗೂ ಕೂಡದು. ಈ ಎಲ್ಲ ‘ಕೂಡದು’ಗಳನ್ನು ದಾಟಿ ಉಳಿಯುವ ಪ್ರಸಂಗ ಗೃಹಸ್ಥನ ಪೆಟ್ಟಿಗೆಯಲ್ಲಿ ಒಂದೂ ಇರದು ಎಂಬುದು ಕೇಳಿದವನಿಗೆ ತಾನಾಗಿ ತಿಳಿಯುತ್ತದೆ.

ಆದುದರಿಂದ ಅಜ್ಜನು ತರುಣನಿಗೆ ಹೇಳಬಹುದಾದದ್ದು ಹೀಗೆ. ಇರುವ ಎರಡು ಹಾವುಗಳನ್ನು ಬಿಸಾಡಬೇಡ. ಆಫ್ರಿಕದ ಜೀವವನ್ನು ಶಿಕಾರಿಪುರದ ಕಾಡಿಗೆ ಬಿಟ್ಟರೆ ಅದಕ್ಕೂ ಕ್ಷೇಮವಲ್ಲ, ಇಲ್ಲಿಯ ಜೀವಗಳಿಗೂ ಕ್ಷೇಮವಲ್ಲ. ಅವು ಬದುಕಿರುವ ತನಕ ಹೊಣೆ ನಿನ್ನದು. ಎರಡನ್ನೂ ಇಂದೇ ಬೇರೆ ಬೇರೆ ಮಾಡು, ಹರಿದಾಡಲು ದೊಡ್ಡ ಸ್ಥಳ ಕೊಡು, ಹಾವಿನ ವಿಷಯ ತಿಳಿದ ಪಶುವೈದ್ಯರನ್ನು ಗುರುತಿಟ್ಟುಕೊ, ಮೂರನೆಯದನ್ನು ತರಬೇಡ. ‘ಇಂದೇ’ ಎಂಬುದಕ್ಕೆ ಕಾರಣವುಂಟು. ಹೆಣ್ಣು ಹಾವು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಯ್ದಿಟ್ಟುಕೊಳ್ಳಬಲ್ಲದು. ಮೊಟ್ಟೆ ಬಂದ ಮೇಲೆ ಲೌಕಿಕರಿಗೆ ಅದನ್ನು ನಾಶಮಾಡುವ ಉಪಾಯವಿದೆ. ಅಂಡಜವಾದ ಗರ್ಭದಲ್ಲಿ ಜೀವವುಂಟೆಂದು ನಂಬುವ ಶ್ರಾವಕನಿಗೆ ಆ ಉಪಾಯವಿಲ್ಲ. ಆಗ ಅವನ ಮುಂದೆ ಉಳಿಯುವುದು ಆರು ಮರಿಗಳು ಮತ್ತು ಮೂರು ಸಾವಿರ ಇಲಿಗಳು. ಸಂಯಮಕ್ಕೆ ಎಡೆಯಿರುವುದು ಮೊಟ್ಟೆಗೆ ಮೊದಲು ಮಾತ್ರ.

ಬಸದಿಗಳ ಟ್ರಸ್ಟಿನವರಿಗೂ ಈ ವಿಚಾರದಲ್ಲಿ ಪಾತ್ರವುಂಟು. ಜೀವದಯೆಯ ನಿಧಿಯಿಂದ ಮೃಗಾಲಯದ ಪ್ರಾಣಿಯನ್ನು ದತ್ತು ಪಡೆಯಿರಿ, ಹಾವುಗಳ ಕೇಂದ್ರಕ್ಕೆ ದೇಣಿಗೆ ಕೊಡಿ ಎಂಬ ಕೋರಿಕೆಗಳು ಬರಬಹುದು. ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಬರೆದು ಕೇಳುವುದು ಒಳ್ಳೆಯದು: ಈ ಹಣ ಚಿಕಿತ್ಸೆಗೋ, ಆಹಾರಕ್ಕೋ, ಸಂತಾನವೃದ್ಧಿಗೋ? ಹಿಡಿದ ಹಾವು ಮರಳಿ ಕಾಡಿಗೆ ಹೋಗುತ್ತದೆಯೋ, ಉಳಿಯುತ್ತದೆಯೋ? ಹುಟ್ಟಿದ ಮರಿಗಳ ಗತಿಯೇನು? ಗಾಯಗೊಂಡ ಹಾವಿನ ಚಿಕಿತ್ಸೆಗೆ, ಬಾವಿಗೆ ಬಿದ್ದದ್ದನ್ನು ಎತ್ತಿ ಬಿಡುವವರ ಸಲಕರಣೆಗೆ, ಹಳ್ಳಿಯ ಆಸ್ಪತ್ರೆಯಲ್ಲಿ ವಿಷಪ್ರತಿವಿಷದ ಔಷಧವಿರುವಂತೆ ನೋಡಿಕೊಳ್ಳುವುದಕ್ಕೆ ಕೊಟ್ಟ ಹಣದಲ್ಲಿ ಸಂದೇಹವಿಲ್ಲ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ವ್ಯಾಧಿಯೆಂದು ಘೋಷಿಸಿದೆ. ಕಚ್ಚಿಸಿಕೊಂಡವನು ಬದುಕಿಕೊಂಡ ಊರಿನಲ್ಲಿ ಕಚ್ಚಿದ ಹಾವಿಗೂ ಬದುಕುವ ಅವಕಾಶ ಹೆಚ್ಚು.

ಸೆರೆಯ ಹಾವಿಗೆ ಯಾವಾಗ ಪ್ರಾಯ ಬರುತ್ತದೆ ಎಂಬ ಪ್ರಶ್ನೆಗೆ ತಕ್ಕಡಿ, ಅಳತೆಪಟ್ಟಿ, ಪಂಚಾಂಗಗಳಿಂದ ಒಂದು ಉತ್ತರ ದೊರೆಯುತ್ತದೆ. ಅದು ಸುಳ್ಳಲ್ಲ, ಅರ್ಧ. ಇನ್ನರ್ಧ ಉತ್ತರ ಸಾಕುವವನನ್ನು ತೂಗಿದಾಗ ದೊರೆಯುತ್ತದೆ. ಜೀವವೊಂದರ ದೇಹದ ಮೇಲೆ ಅಧಿಕಾರ ಸಿಕ್ಕಿದಾಗ ಅದನ್ನು ಬಳಸದೆ ಇರಬಲ್ಲವನೇ ಪ್ರೌಢ. ಆ ಪ್ರೌಢಿಮೆ ಬಂದವನು ಹಾವಿನ ಪ್ರಾಯವನ್ನು ತಿಳಿದಿರುತ್ತಾನೆ, ತಿಳಿದೂ ಅದನ್ನು ಕೂಡಿಸದೆ ಬಿಡುತ್ತಾನೆ.